ಹುತಾತ್ಮ ಪೊಲೀಸರ ಹೆಸರಿನ ಜತೆ ವಿವರವೂ ಉಳಿಯಲಿ

ಮಾನ್ಯ ಸಂಪಾದಕರಿಗೆ,

ಪ್ರತಿ ವರ್ಷ ಅಕ್ಟೋಬರ್ 21ರ ಬೆಳಿಗ್ಗೆ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಪೊಲೀಸ್ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಹಿಂದಿನ ಸೆಪ್ಟೆಂಬರ್ 1ರಿಂದ ಈ ಆಗಸ್ಟ್ 31ರವರೆಗೆ ಕರ್ತವ್ಯದಲ್ಲಿ ಮಡಿದವರ ಹೆಸರು ಓದುತ್ತಾರೆ, ಸ್ಮಾರಕಕ್ಕೆ ಹೂವಿಡುತ್ತಾರೆ, ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸಿ ಗೌರವ ಸಲ್ಲಿಸುತ್ತಾರೆ. ಬ್ಯೂಗಲ್ ನಿಂತ ಮೇಲೆ ಎರಡು ನಿಮಿಷ ಮೌನ. ಈ ಶಿಸ್ತಿನಲ್ಲಿ ಕಳೆಯುವಂಥದ್ದು ಏನೂ ಇಲ್ಲ. ಸೇರಿಸಬೇಕಾದದ್ದು ಒಂದಿದೆ, ಅದನ್ನು ಹೇಳಲು ಈ ಪತ್ರ.

ಈ ದಿನದ ಮೂಲ 1959ರ ಲಡಾಖ್. ಅಕ್ಟೋಬರ್ 20ರಂದು ಹಾಟ್ ಸ್ಪ್ರಿಂಗ್ಸ್‌ನಿಂದ ಮೂರು ಗಸ್ತು ತಂಡಗಳು ಹೊರಟವು. ಎರಡು ತಂಡ ಮರಳಿದವು. ಇಬ್ಬರು ಕಾನ್‌ಸ್ಟೆಬಲ್‌ಗಳು ಮತ್ತು ಒಬ್ಬ ಹಮಾಲಿಯಿದ್ದ ಮೂರನೆಯದು ಬರಲಿಲ್ಲ. ಮರುದಿನ ಅಧಿಕಾರಿ ಕರಮ್ ಸಿಂಗ್ ನೇತೃತ್ವದಲ್ಲಿ ಅವರನ್ನು ಹುಡುಕಲು ಹೋದವರ ಮೇಲೆ ಗುಡ್ಡದ ಮೇಲಿಂದ ಚೀನಾ ಸೈನಿಕರು ಗುಂಡು ಹಾರಿಸಿದರು. 10 ಮಂದಿ ಸತ್ತರು. ಅವರ ದೇಹಗಳು ಭಾರತದ ಕೈಗೆ ಬಂದದ್ದು ನವೆಂಬರ್ 13ಕ್ಕೆ. 1960ರ ಜನವರಿಯಲ್ಲಿ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸೇರಿದ ಸಭೆ ಅಕ್ಟೋಬರ್ 21ನ್ನು ನೆನಪಿನ ದಿನವೆಂದು ಗೊತ್ತುಮಾಡಿತು.

ಆರು ದಶಕ ದಾಟಿದ ಮೇಲೂ ಎಷ್ಟು ತಂಡ ಹೊರಟಿತು, ಯಾರು ಮರಳಲಿಲ್ಲ, ಗುಂಡು ಯಾವ ಕಡೆಯಿಂದ ಬಂತು ಎಂದು ದಾವಣಗೆರೆಯಲ್ಲಿ ಕುಳಿತು ಹೇಳಲು ಸಾಧ್ಯವಾಗಿರುವುದು ಆಗ ಯಾರೋ ಅದನ್ನು ಬರೆದಿಟ್ಟಿದ್ದರಿಂದ. ನಮ್ಮದೇ ಹೆದ್ದಾರಿಯಲ್ಲಿ ರಾತ್ರಿ ಪಾಳಿಯಲ್ಲಿ ಸತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಬಗ್ಗೆ ಇಷ್ಟು ವಿವರ ಎಲ್ಲಿ ಸಿಗುತ್ತದೆ? 'ಕರ್ತವ್ಯದ ವೇಳೆ ಅಪಘಾತದಲ್ಲಿ ನಿಧನ' ಎಂಬ ಒಂದು ಸಾಲಿಗೆ ಆ ಜೀವ ಮುಗಿದುಹೋಗುತ್ತದೆ. ಹೇಗೆ ಸತ್ತರು ಎಂಬುದನ್ನು ನಿಖರವಾಗಿ ಬರೆದಿಡಬೇಕು ಎಂಬುದು ನಮ್ಮ ಕೋರಿಕೆ. ಗೌರವ, ಮನೆಯವರಿಗೆ ಸಲ್ಲಬೇಕಾದ ಹಣ, ಅದೇ ಜಾಗದಲ್ಲಿ ನಾಳೆ ನಿಲ್ಲುವ ಇನ್ನೊಬ್ಬರ ಪ್ರಾಣ, ಈ ಮೂರೂ ಆ ಬರಹವನ್ನೇ ನೆಚ್ಚಿಕೊಂಡಿವೆ.

ಮೊದಲು ಹೆಸರಿನ ವಿಷಯ. ಪಟ್ಟಿಯ ವರ್ಷ ಆಗಸ್ಟ್ 31ಕ್ಕೆ ಮುಗಿಯುವುದರಿಂದ ಸೆಪ್ಟೆಂಬರ್ 10ರಂದು ಸತ್ತವರ ಹೆಸರು ಆ ಅಕ್ಟೋಬರ್‌ನಲ್ಲಿ ಬರುವುದಿಲ್ಲ, ಮರುವರ್ಷ ಬರುತ್ತದೆ. ಸಾವಿನ ದುಃಖ ಹಸಿಯಾಗಿರುವಾಗಲೇ ಮೈದಾನಕ್ಕೆ ಬಂದ ಮನೆಯವರಿಗೆ ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. 'ನಮ್ಮವರ ಹೆಸರೇ ಓದಲಿಲ್ಲ' ಎಂದು ನೊಂದುಕೊಂಡು ಹೋಗುತ್ತಾರೆ. ಆಹ್ವಾನ ಕೊಡಲು ಹೋದವರು ಎರಡು ಮಾತಿನಲ್ಲಿ ತಿಳಿಸಿದರೆ ಸಾಕು.

ಜಿಲ್ಲೆಯ ಪಟ್ಟಿಯದು ಇನ್ನೂ ದೊಡ್ಡ ತೊಡಕು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರಿನಲ್ಲಿ ಮಡಿದವರ ಕಾಗದಪತ್ರ ಚಿತ್ರದುರ್ಗದ ಲೆಕ್ಕದಲ್ಲಿರಬೇಕು. ಹೊನ್ನಾಳಿ, ಚನ್ನಗಿರಿಯವು ಶಿವಮೊಗ್ಗದಲ್ಲಿ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಗಡಿ ಬದಲಾದಾಗ ಕಡತಗಳು ಹೊರಡುತ್ತವೆ, ಎಲ್ಲವೂ ತಲುಪುವುದಿಲ್ಲ. ಇದರ ಮೇಲೆ, ಜಗಳೂರಿನ ಹುಡುಗ ಬೆಂಗಳೂರಿನ ಠಾಣೆಯಲ್ಲಿದ್ದಾಗ ಸತ್ತರೆ ಅವನು ಯಾವ ಜಿಲ್ಲೆಯ ಹುತಾತ್ಮ? ನಮ್ಮ ಅಭಿಪ್ರಾಯದಲ್ಲಿ ಎರಡೂ ಕಡೆಯವನು: ಸೇವೆಯಲ್ಲಿದ್ದ ಜಿಲ್ಲೆಯಲ್ಲೂ ಹುಟ್ಟಿದ ಜಿಲ್ಲೆಯಲ್ಲೂ ಅವನ ಹೆಸರು ಓದಬೇಕು. ಎರಡು ಕಡೆ ಓದಿದರೆ ಯಾರಿಗೂ ನಷ್ಟವಿಲ್ಲ.

ಹಳೆಯ ಹೆಸರು ಹುಡುಕುವಾಗ ಸಮವಸ್ತ್ರದ ಮೇಲೆ ತೊಡುವ ಮೆಟಲ್ ನಂಬರ್ ನಂಬಿ ಹೊರಟರೆ ದಾರಿ ತಪ್ಪುತ್ತದೆ. ಜಿಲ್ಲೆ ಬದಲಾದರೆ ಆ ನಂಬರೂ ಬದಲಾಗುತ್ತದೆ, ಒಬ್ಬರು ಬಿಟ್ಟ ನಂಬರು ಮುಂದೆ ಇನ್ನೊಬ್ಬರ ಭುಜಕ್ಕೆ ಬರುತ್ತದೆ. ಸೇವೆಯ ಉದ್ದಕ್ಕೂ ಬದಲಾಗದೆ ಉಳಿಯುವುದು ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆ) ಸಂಖ್ಯೆ. ಅದರ ಜತೆ ಸೇವಾ ಪುಸ್ತಕದಲ್ಲಿರುವ ಹೆಸರು ಮತ್ತು ಊರಿನವರು ಕರೆಯುವ ಹೆಸರು ಎರಡನ್ನೂ ಬರೆದುಕೊಳ್ಳಬೇಕು. ಕಲ್ಲಿನಲ್ಲಿ ಕೆತ್ತಿಸುವ ಮೊದಲು ಅಕ್ಷರದ ಕರಡನ್ನು ಮನೆಯವರಿಗೆ ತೋರಿಸಿ ಸಹಿ ಪಡೆಯುವುದು ಒಳ್ಳೆಯದು. ತಂದೆಯ ಹೆಸರಿನ ಇನಿಷಿಯಲ್ ಹಿಂದೆ ಮುಂದೆ ಆಗುವುದು, ಮಂಜುನಾಥ ಇದ್ದದ್ದು ಮಂಜಪ್ಪ ಆಗುವುದು ಕೆತ್ತಿದ ಮೇಲೆ ತಿದ್ದಲಾಗದ ತಪ್ಪು. ದೆಹಲಿಯ ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾದ ರಾಷ್ಟ್ರೀಯ ಪೊಲೀಸ್ ಸ್ಮಾರಕದ ಗೋಡೆಯಲ್ಲಿ 34 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಷ್ಟು ಹೆಸರುಗಳ ನಡುವೆ ನಮ್ಮ ಜಿಲ್ಲೆಯವರದು ಸರಿಯಾಗಿ ಇರಬೇಕಾದರೆ ಇಲ್ಲಿಂದ ಹೋಗುವ ಪಟ್ಟಿ ಸರಿಯಾಗಿರಬೇಕು.

ಇನ್ನು ಮನೆಯವರ ಸಂಗತಿ. ಪೊಲೀಸರೊಬ್ಬರು ಸತ್ತ ಮೇಲೆ ಕರ್ತವ್ಯದ ಸಾವಿಗೆಂದು ಕುಟುಂಬಕ್ಕೆ ಬರುವ ಪ್ರತಿ ರೂಪಾಯಿಯೂ 'ಆ ಹೊತ್ತಿನಲ್ಲಿ ಅವರು ಕರ್ತವ್ಯದಲ್ಲಿದ್ದರೇ?' ಎಂಬ ಪ್ರಶ್ನೆಯನ್ನು ದಾಟಿ ಬರಬೇಕು. ಉತ್ತರ ಇರುವುದು ಠಾಣಾ ದಿನಚರಿಯಲ್ಲಿ. ರಾತ್ರಿ 10ಕ್ಕೆ 'ಗಸ್ತಿಗೆ ಹೊರಟರು' ಎಂದು ನಮೂದಾಗಿರುತ್ತದೆ. 1.30ಕ್ಕೆ ಇನ್‌ಸ್ಪೆಕ್ಟರ್ ಫೋನ್ ಮಾಡಿ 'ಹೈವೇ ಹತ್ತಿರ ಲಾರಿ ಮಗುಚಿದೆಯಂತೆ, ಹೋಗಿ ನೋಡಿ' ಎನ್ನುತ್ತಾರೆ. ಈ ಮಾತು ಎಲ್ಲೂ ಬರೆಯಲ್ಪಡುವುದಿಲ್ಲ. 2 ಗಂಟೆಗೆ ಅಲ್ಲಿ ಇನ್ನೊಂದು ಲಾರಿ ಬಡಿದು ಅವರು ಸತ್ತರೆ, ಕಡತ ನೋಡುವವರು ಕೇಳುವುದು ಸಹಜವೇ: ಗಸ್ತು ಇದ್ದದ್ದು ಊರೊಳಗೆ, ಸತ್ತದ್ದು ಹೆದ್ದಾರಿಯಲ್ಲಿ, ಅಲ್ಲಿಗೆ ಏಕೆ ಹೋಗಿದ್ದರು? ಆ ಒಂದು ಪ್ರಶ್ನೆಗೆ ಕಡತ ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಓಡಾಡುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬಾಯಿಮಾತಿನ ಆದೇಶ ಕೊಟ್ಟ ಅಧಿಕಾರಿ ಠಾಣೆಯ ಸೆಂಟ್ರಿಗೂ ಹೇಳಿ ಸಮಯದ ಸಮೇತ ದಿನಚರಿಯಲ್ಲಿ ಬರೆಸಬೇಕು. ತುರ್ತು ಸಂಖ್ಯೆ 112ಕ್ಕೆ ಬಂದ ಕರೆಯಾದರೆ ಅದಕ್ಕೊಂದು ಸಂಖ್ಯೆ, ಸಮಯ ತಾನಾಗಿಯೇ ದಾಖಲಾಗಿರುತ್ತದೆ, ಆ ಸಂಖ್ಯೆಯನ್ನು ಎಫ್‌ಐಆರ್‌ನಲ್ಲೂ ಬರೆಯಬೇಕು. ಎಫ್‌ಐಆರ್‌ನ ಮೊದಲ ಪ್ಯಾರಾದಲ್ಲೇ ಇಂಥ ಸಮಯದಿಂದ ಇಂಥ ಕರ್ತವ್ಯಕ್ಕೆ ಇಂಥವರ ಆದೇಶದ ಮೇರೆಗೆ ಹೋಗಿದ್ದರು ಎಂಬ ವಾಕ್ಯ ಬರಲಿ. 'ಬೈಕಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಬಂದ ವಾಹನ ಡಿಕ್ಕಿ ಹೊಡೆದು' ಎಂದಷ್ಟೇ ಇದ್ದರೆ ಅದು ಯಾವ ದಾರಿಹೋಕನ ಎಫ್‌ಐಆರ್ ಕೂಡ ಆಗಬಹುದು. ಶವ ಪಂಚನಾಮೆಯಲ್ಲಿ ಮೈಮೇಲಿದ್ದ ಸಮವಸ್ತ್ರ, ಪ್ರತಿಫಲಕ ಜಾಕೆಟ್, ಸೀಟಿ, ವಾಕಿಟಾಕಿ ಎಲ್ಲವನ್ನೂ ಬರೆಯಬೇಕು. ಅಂಗಿ ಹರಿದಿತ್ತೆಂದು ಬಿಟ್ಟುಬಿಡಬಾರದು.

ದಿನಗಳ ಲೆಕ್ಕವೂ ಗೊತ್ತಿರಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದೂ ಸಾವು ಸಂಭವಿಸಿದ ಊರಿನಲ್ಲಿ. ಹಿರಿಯೂರಿನ ಬಳಿ ಗಾಯಗೊಂಡವರು ದಾವಣಗೆರೆಯ ಆಸ್ಪತ್ರೆಯಲ್ಲೋ ಬೆಂಗಳೂರಿನಲ್ಲೋ ಕಣ್ಣುಮುಚ್ಚಿದರೆ ಪ್ರಮಾಣಪತ್ರ ಅಲ್ಲಿಯದೇ, ಹಿರಿಯೂರಿನಲ್ಲಿ ಕೇಳಿದರೆ ಸಿಗದು. ಜೀವಂತ ಕುಟುಂಬ ಸದಸ್ಯರ ದೃಢೀಕರಣ ನಾಡಕಚೇರಿಯಲ್ಲಿ. ವಾಹನ ಅಪಘಾತವಾದರೆ ಪರಿಹಾರದ ಅರ್ಜಿಯನ್ನು ಮೋಟಾರು ವಾಹನ ಅಪಘಾತ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಹಾಕಬೇಕು. 2019ರ ತಿದ್ದುಪಡಿ ತಂದ ಈ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 1994ರಿಂದ ಅಲ್ಲಿಯವರೆಗೆ ಇಂಥ ಗಡುವು ಇರಲಿಲ್ಲ, ಹಾಗಾಗಿ ಹಳಬರ ಮಾತು ಕೇಳಿ 'ವರ್ಷ ಕಳೆಯಲಿ, ಆಮೇಲೆ ನೋಡೋಣ' ಎಂದು ಕೂರುವುದು ಈಗ ಅಪಾಯ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಗುದ್ದೋಡಿದ ಪ್ರಕರಣಗಳ ಯೋಜನೆಯಲ್ಲಿ 2 ಲಕ್ಷ ರೂಪಾಯಿ ಇದೆ, ಅರ್ಜಿ ಹೋಗುವುದು ಉಪವಿಭಾಗದ ಕಂದಾಯ ಅಧಿಕಾರಿ ಅಥವಾ ತಹಶೀಲ್ದಾರರಿಗೆ. ಅನುಕಂಪದ ಆಧಾರದ ನೌಕರಿಗೆ ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಬೇಕು. ಮನೆಯಲ್ಲಿ ಯಾರು ಸೇರುವುದು ಎಂಬ ಮಾತು ಇತ್ಯರ್ಥವಾಗದೆ ವರ್ಷ ಉರುಳಿಹೋಗುವುದೇ ಇಲ್ಲಿನ ತೊಂದರೆ.

ನಾಮನಿರ್ದೇಶನದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನೌಕರಿಗೆ ಸೇರಿದಾಗ ಮದುವೆ ಆಗಿರುವುದಿಲ್ಲ, ಕೆಜಿಐಡಿ ಪಾಲಿಸಿಯಲ್ಲಿ ತಾಯಿಯ ಹೆಸರು ಬರೆಸಿರುತ್ತಾರೆ. ಮದುವೆಯಾಗಿ ಎರಡು ಮಕ್ಕಳಾದರೂ ಅದು ಹಾಗೇ ಉಳಿದಿರುತ್ತದೆ. ಸಂಬಳದ ಖಾತೆಗೆ ಬ್ಯಾಂಕು ಕೊಡುವ ಅಪಘಾತ ವಿಮೆಗೂ ಹಾಗೆಯೇ, ಅಂಥ ವಿಮೆ ಇದೆಯೆಂಬುದೇ ಹೆಂಡತಿಗೆ ಗೊತ್ತಿರುವುದಿಲ್ಲ. ಏಪ್ರಿಲ್ 2ರಂದು ರಾಜ್ಯದಲ್ಲಿ ಪೊಲೀಸ್ ಧ್ವಜ ದಿನ ಆಚರಿಸುತ್ತೇವೆ, ಕರ್ನಾಟಕ ಪೊಲೀಸ್ ಕಾಯ್ದೆ 1965ರಲ್ಲಿ ಜಾರಿಗೆ ಬಂದ ದಿನ ಅದು. ಆ ದಿನ ಪ್ರತಿ ಠಾಣೆಯಲ್ಲೂ ಒಂದು ಗಂಟೆ ಕುಳಿತು ಎಲ್ಲರ ನಾಮನಿರ್ದೇಶನ ಪರಿಶೀಲಿಸಿದರೆ, ಪಾಲಿಸಿ ಸಂಖ್ಯೆ ಮತ್ತು ಖಾತೆಯ ವಿವರ ಬರೆದ ಒಂದು ಹಾಳೆ ಮನೆಗೆ ತಲುಪಿದರೆ, ಅದಕ್ಕಿಂತ ದೊಡ್ಡ ಕಲ್ಯಾಣ ಕಾರ್ಯಕ್ರಮ ನಮಗೆ ಕಾಣುವುದಿಲ್ಲ.

ಈಗ ರಸ್ತೆಗೆ ಬರೋಣ. ಹಿರಿಯೂರು, ಐಮಂಗಲ, ಚಿತ್ರದುರ್ಗ, ಭರಮಸಾಗರ, ಆನಗೋಡು, ದಾವಣಗೆರೆ, ಹರಿಹರ, ಇಷ್ಟೂ ಊರುಗಳನ್ನು ರಾಷ್ಟ್ರೀಯ ಹೆದ್ದಾರಿ 48 ಹೊಲಿದುಕೊಂಡು ಹೋಗುತ್ತದೆ. ಹೊಸಪೇಟೆ ಕಡೆಯ ಹೆದ್ದಾರಿ 50 ಚಿತ್ರದುರ್ಗದಲ್ಲಿ ಕೂಡುತ್ತದೆ. ನಮ್ಮ ಎರಡು ಜಿಲ್ಲೆಗಳ ಪೊಲೀಸರು ರಾತ್ರಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುವುದು ಈ ರಸ್ತೆಗಳ ಮೇಲೆ. ಅಲ್ಲಿ ಆಗುವ ಸಾವುಗಳ ಲೆಕ್ಕಾಚಾರ ಹೀಗಿದೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಕಂಡು, ಅರ್ಥಮಾಡಿಕೊಂಡು, ಕಾಲು ಬ್ರೇಕಿಗೆ ತರಲು ಎರಡೂವರೆ ಸೆಕೆಂಡ್ ಎಂದು ರಸ್ತೆ ವಿನ್ಯಾಸಕಾರರು ಹಿಡಿಯುತ್ತಾರೆ, ಅಷ್ಟರಲ್ಲಿ 55 ಮೀಟರ್ ಮುಗಿದಿರುತ್ತದೆ. ಪೂರ್ತಿ ನಿಲ್ಲಲು ಒಟ್ಟು 120 ಮೀಟರ್ ಬೇಕು, 100 ಕಿ.ಮೀ. ವೇಗವಿದ್ದರೆ 180. ಲೋಡು ತುಂಬಿದ ಲಾರಿಗೆ, ಇಳಿಜಾರಿಗೆ ಇನ್ನೂ ಹೆಚ್ಚು. ಡಿಮ್ ಲೈಟಿನಲ್ಲಿ ಖಾಕಿ ತೊಟ್ಟವರು ಕಾಣಿಸುವುದು ಸುಮಾರು 40ರಿಂದ 50 ಮೀಟರ್ ಹತ್ತಿರ ಬಂದಾಗ. ಅಂದರೆ ಚಾಲಕ ಎಚ್ಚರವಾಗಿದ್ದರೂ, ಕುಡಿದಿರದಿದ್ದರೂ, ಅವನ ಕಾಲು ಬ್ರೇಕಿನ ಮೇಲೆ ಬೀಳುವ ಮೊದಲೇ ಕಾನ್‌ಸ್ಟೆಬಲ್ ನೆಲಕ್ಕೆ ಬಿದ್ದಿರುತ್ತಾನೆ.

ಆದ್ದರಿಂದ ತಪಾಸಣೆಯ ಮೊದಲ ಎಚ್ಚರಿಕೆ ಫಲಕ ನಿಂತ ಜಾಗದಿಂದ ಕನಿಷ್ಠ 200 ಮೀಟರ್ ಹಿಂದೆ ಇರಬೇಕು. ಅಲ್ಲಿಂದ ಕೋನ್‌ಗಳನ್ನು ಓರೆಯಾಗಿ ಇಡುತ್ತಾ ಒಂದು ಪಥವನ್ನು ನಿಧಾನಕ್ಕೆ ಮುಚ್ಚಿಕೊಂಡು ಬರಬೇಕು. ನಾಲ್ಕು ಕೋನ್ ತಂದು ಜೀಪಿನ ಮುಂದೆ ಸಾಲಾಗಿಟ್ಟರೆ ಅದರಿಂದ ಪ್ರಯೋಜನವಿಲ್ಲ. ತಿರುವಿನ ಆಚೆ, ಏರು ಮುಗಿದ ಕೂಡಲೇ, ಮೇಲ್ಸೇತುವೆ ಇಳಿಯುವಲ್ಲಿ ನಾಕಾಬಂದಿ ಹಾಕಲೇಬಾರದು. ಟೋಲ್ ಬಳಿ ಬೆಳಕೂ ಇದೆ, ವೇಗವೂ ಇಳಿದಿರುತ್ತದೆ. ಗುಯಿಲಾಳು, ಹೆಬ್ಬಾಳಿನಂಥ ಟೋಲ್‌ಗಳ ಆಸುಪಾಸು ತಪಾಸಣೆಗೆ ಹೆಚ್ಚು ಸುರಕ್ಷಿತ. ಜೀಪಿನ ನೀಲಿ ಕೆಂಪು ದೀಪ ಉರಿಯಲಿ, ಆದರೆ ಎದುರು ಬರುವವರ ಕಣ್ಣಿಗೆ ಹೆಡ್‌ಲೈಟ್ ಹೊಡೆಯುವಂತೆ ಜೀಪು ನಿಲ್ಲಿಸಿದರೆ ಅದರ ಪಕ್ಕದಲ್ಲಿ ನಿಂತವರು ಕತ್ತಲಲ್ಲಿ ಕರಗಿಹೋಗುತ್ತಾರೆ. ನಿಲ್ಲಿಸಿದ ಜೀಪಿನ ಮುಂಗಾಲಿಗಳನ್ನು ರಸ್ತೆಯ ಅಂಚಿಗೆ ತಿರುಗಿಸಿಡಬೇಕು. ಹಿಂದಿನಿಂದ ಗುದ್ದಿದರೂ ಜೀಪು ಸಿಬ್ಬಂದಿಯ ಮೇಲೆ ಬರದೆ ಅಂಚಿಗೆ ಹೋಗುತ್ತದೆ.

ಕಬ್ಬಿಣದ ಬ್ಯಾರಿಕೇಡ್‌ಗಳನ್ನು ಯಾರಾದರೂ ಗಮನಿಸಿ ನೋಡಲಿ. ದಾನಿಗಳ ಜಾಹೀರಾತು ಫಲಕ ಇಡೀ ಮೈ ಮುಚ್ಚಿರುತ್ತದೆ, ಪ್ರತಿಫಲಕ ಪಟ್ಟಿ ಇರುವುದಿಲ್ಲ, ಇದ್ದರೆ ದೂಳು ಹಿಡಿದಿರುತ್ತದೆ. ಇಂಥ ಬ್ಯಾರಿಕೇಡಿಗೆ ಲಾರಿ ಬಡಿದರೆ ಅದೇ ಹಾರಿಬಂದು ಹಿಂದೆ ನಿಂತವರನ್ನು ಹೊಡೆಯುತ್ತದೆ. ಹಾಗಾಗಿ ಬ್ಯಾರಿಕೇಡಿನ ಬೆನ್ನಿಗೆ ಅಂಟಿ ನಿಲ್ಲುವುದು, ನಿಲ್ಲಿಸಿದ ಎರಡು ವಾಹನಗಳ ಸಂದಿಯಲ್ಲಿ ನಿಂತು ನಂಬರ್ ಬರೆದುಕೊಳ್ಳುವುದು ಎರಡೂ ಬೇಡ. ಒಬ್ಬರು ಬೇರೆ ಏನೂ ಮಾಡದೆ ವಾಹನ ಬರುವ ದಿಕ್ಕನ್ನೇ ನೋಡುತ್ತಾ ಸೀಟಿ ಹಿಡಿದು ನಿಲ್ಲಬೇಕು. ಸೀಟಿ ಕೇಳಿದರೆ ಎಲ್ಲರೂ ಯಾವ ಕಡೆಗೆ ಓಡಬೇಕೆಂಬುದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅಪಘಾತದ ಸ್ಥಳಕ್ಕೆ ಹೋದಾಗಂತೂ ಈ ನಿಯಮ ಇನ್ನೂ ಕಟ್ಟುನಿಟ್ಟಾಗಿರಲಿ. ಗಾಯಾಳುವನ್ನು ಎತ್ತುವ ಆತುರದಲ್ಲಿ ಬೆನ್ನು ರಸ್ತೆಗೆ ತಿರುಗಿರುತ್ತದೆ, ಎರಡನೇ ವಾಹನ ಬಡಿಯುವುದು ಆಗಲೇ. ಮೊದಲು ಜೀಪನ್ನು ಅಡ್ಡ ನಿಲ್ಲಿಸಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ಹೆದ್ದಾರಿಯ ಗಸ್ತು ವಾಹನ ತರಿಸಿಕೊಂಡು, ಆಮೇಲೆ ಕೈಹಾಕಬೇಕು. ಈ ಮಾತು ಕಠಿಣವೆನಿಸಬಹುದು, ಆದರೆ ಎತ್ತಲು ಹೋದವರೇ ಬಿದ್ದರೆ ಗಾಯಾಳುವಿಗೂ ಗತಿಯಿಲ್ಲ.

ಜಾಕೆಟ್ ಇದ್ದರೂ ಸಾಲದು. ಮಳೆಗಾಲದಲ್ಲಿ ಪ್ರತಿಫಲಕ ಜಾಕೆಟ್ ತೊಟ್ಟು ಅದರ ಮೇಲೆ ರೇನ್‌ಕೋಟ್ ಹಾಕಿಕೊಳ್ಳುತ್ತಾರೆ, ಆಗ ಹೊಳೆಯುವುದೆಲ್ಲ ಒಳಗೆ. ರೇನ್‌ಕೋಟಿನ ಮೇಲೆ ಜಾಕೆಟ್ ಬರಬೇಕು. ಬೈಕಿನ ಬಾಕ್ಸಿನಲ್ಲಿ ಮಡಚಿ ಮಡಚಿ ಪಟ್ಟಿ ಬಿರುಕು ಬಿಟ್ಟರೆ, ತಿಕ್ಕಿ ತಿಕ್ಕಿ ಒಗೆದರೆ ಹೊಳಪು ಹೋಗುತ್ತದೆ, ಹಗಲಲ್ಲಿ ಅದು ಗೊತ್ತಾಗುವುದಿಲ್ಲ. ರಾತ್ರಿ ನೂರು ಹೆಜ್ಜೆ ದೂರದಲ್ಲಿ ಜಾಕೆಟ್ ತೂಗುಹಾಕಿ, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ನೋಡಬೇಕು. ಪಟ್ಟಿ ಬೆಳ್ಳಗೆ ಉರಿದಂತೆ ಕಂಡರೆ ಸರಿ, ಮಂಕಾಗಿದ್ದರೆ ಬದಲಿಸಬೇಕು. ಟಾರ್ಚನ್ನು ಸೊಂಟದ ಬಳಿ ಹಿಡಿದರೆ ಒಳ್ಳೆಯ ಜಾಕೆಟ್ಟೂ ಮಂಕಾಗಿಯೇ ಕಾಣುತ್ತದೆ, ಏಕೆಂದರೆ ಬೆಳಕು ಬಂದ ದಾರಿಯಲ್ಲೇ ವಾಪಸು ಹೋಗುವಂತೆ ಆ ಪಟ್ಟಿ ಮಾಡಿರುವುದು.

ಆರೋಪಿಗಳನ್ನು ಹಿಡಿಯಲು ಹೋಗಿ ಪ್ರಾಣ ಕೊಟ್ಟವರನ್ನು ರಾಜ್ಯ ಮರೆತಿಲ್ಲ. ಕಲಬುರಗಿಯಲ್ಲಿ 2014ರ ಜನವರಿ 8ರಂದು ಗುಂಡೇಟು ತಿಂದು ಒಂದು ವಾರ ಜೀವನ್ಮರಣದ ನಡುವೆ ಹೋರಾಡಿ ಅಸುನೀಗಿದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ, 2015ರ ಅಕ್ಟೋಬರ್‌ನಲ್ಲಿ ನೆಲಮಂಗಲದಲ್ಲಿ ಕಳವು ಆರೋಪಿಗಳನ್ನು ಬೆನ್ನಟ್ಟಿ ಚಾಕು ಇರಿತಕ್ಕೆ ಬಲಿಯಾದ ದೊಡ್ಡಬಳ್ಳಾಪುರದ ಪಿಎಸ್‌ಐ ಜಗದೀಶ್, ಇಬ್ಬರ ಹೆಸರೂ ಜನರ ಬಾಯಲ್ಲಿದೆ. ಅವರ ಸಾವು ಪ್ರತಿ ಠಾಣೆಗೂ ಕೆಲವು ಪ್ರಶ್ನೆ ಬಿಟ್ಟುಹೋಗಿದೆ. ಗುಂಡು ನಿರೋಧಕ ಜಾಕೆಟ್ ಎಲ್ಲಿದೆ, ರಾತ್ರಿ 2 ಗಂಟೆಗೆ ಅದರ ಬೀಗ ತೆಗೆಯುವವರು ಯಾರು? ಗುಂಡು ತಡೆಯುವ ಮೆದು ಜಾಕೆಟ್ ಚಾಕುವಿನ ತಿವಿತವನ್ನೂ ತಡೆಯುತ್ತದೆ ಎಂಬ ಖಾತರಿಯಿಲ್ಲ ಎಂಬುದು ಸಿಬ್ಬಂದಿಗೆ ಗೊತ್ತಿದೆಯೇ? ಇರಿದ ಚಾಕು ಮೈಯಲ್ಲೇ ಇದ್ದರೆ ಕೀಳದೆ ಸುತ್ತಲೂ ಬಟ್ಟೆ ಒತ್ತಿ ಆಸ್ಪತ್ರೆಗೆ ಒಯ್ಯಬೇಕೆಂದು ಜೀಪಿನ ಚಾಲಕನಿಗೂ ಕಲಿಸಿದೆಯೇ? ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆಯೇ ಇದೆ. ಪ್ರತಿ ಸಾವಿನ ನಿಖರ ವಿವರ ಅಲ್ಲಿಗೆ ಪಾಠವಾಗಿ ಹೋಗಬೇಕು. ಹೊಸ ಹುಡುಗರು ಕವಾಯತಿನ ಜತೆಗೆ ಅದನ್ನೂ ಕಲಿತು ಹೊರಬರಲಿ.

ಪ್ರತಿ ಸಾವಿಗೂ 30 ದಿನದೊಳಗೆ ಒಂದು ಪುಟದ ಟಿಪ್ಪಣಿ ಸಿದ್ಧವಾಗಲಿ. ಸ್ಥಳ, ಸಮಯ, ಬೆಳಕು, ಯಾರು ಎಲ್ಲಿ ನಿಂತಿದ್ದರು, ಏನು ತೊಟ್ಟಿದ್ದರು, ಆದೇಶ ಯಾರದು, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ಇಷ್ಟು ಇದ್ದರೆ ಸಾಕು. ತಪ್ಪು ಯಾರದೆಂದು ತೀರ್ಮಾನಿಸಲು ತನಿಖೆ ಬೇರೆ ಇದೆ, ಈ ಪುಟದಲ್ಲಿ ಅದು ಬೇಡ. ಅದನ್ನು ಬೆರೆಸಿದರೆ ಜತೆಗಿದ್ದವರು ನಿಜ ಹೇಳಲು ಹೆದರುತ್ತಾರೆ. ದಾವಣಗೆರೆಯಲ್ಲೇ ಪೂರ್ವ ವಲಯದ ಐಜಿಪಿ ಕಚೇರಿ ಇರುವುದರಿಂದ ಎರಡೂ ಜಿಲ್ಲೆಗಳ ಪುಟಗಳನ್ನು ಒಂದೆಡೆ ಕೂಡಿಡುವುದು ಸುಲಭ. ಅಕ್ಟೋಬರ್ 21ರಂದು ಆ ವರ್ಷದ ಪಟ್ಟಿ ಓದಿದ ಮೇಲೆ ನಮ್ಮ ಜಿಲ್ಲೆಯ ಎಲ್ಲಾ ವರ್ಷಗಳ ಹೆಸರನ್ನೂ ಠಾಣೆ ಮತ್ತು ಸತ್ತ ಸ್ಥಳದ ಸಮೇತ ಓದಲಿ.

ಸಾರ್ವಜನಿಕರಲ್ಲಿಯೂ ಒಂದು ಬೇಡಿಕೆ. ರಸ್ತೆಯಲ್ಲಿ ಬಿದ್ದ ಸಮವಸ್ತ್ರದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಎದೆಯ ಮೇಲಿನ ಹೆಸರಿನ ಪಟ್ಟಿ ಅದರಲ್ಲಿ ಕಾಣುತ್ತದೆ, ಸುದ್ದಿ ಹೇಳಲು ಅಧಿಕಾರಿ ಮನೆ ಬಾಗಿಲು ತಲುಪುವ ಮುಂಚೆ ಮಕ್ಕಳ ಮೊಬೈಲಿಗೆ ಆ ಫೋಟೊ ತಲುಪುತ್ತದೆ.

ಯಾವ ಪಟ್ಟಿಯಲ್ಲೂ ಹೆಸರು ಸೇರದೆ ಉಳಿದಿರುವ ಹುತಾತ್ಮರ ಮನೆಯವರು ಎರಡೂ ಜಿಲ್ಲೆಗಳಲ್ಲಿ ಇರಬಹುದು. ಅವರು ಮರಣ ಪ್ರಮಾಣಪತ್ರದ ನಕಲು, ಕೆಜಿಐಡಿ ಸಂಖ್ಯೆ, ಕೊನೆಯದಾಗಿ ಕೆಲಸ ಮಾಡಿದ ಠಾಣೆ ಮತ್ತು ಅಂದಿನ ಜಿಲ್ಲೆಯ ಹೆಸರು ಬರೆದು ಎಸ್‌ಪಿ ಕಚೇರಿಗೆ ಅರ್ಜಿ ಕೊಡಲಿ, ದಿನಾಂಕ ಹಾಕಿದ ಸ್ವೀಕೃತಿ ಪಡೆಯಲಿ. ಎಫ್‌ಐಆರ್ ನಕಲು ಸಿಗದಿದ್ದರೂ ಅರ್ಜಿ ನಿಲ್ಲಿಸಬೇಡಿ, ಠಾಣೆಯ ಹೆಸರು ಮತ್ತು ದಿನಾಂಕ ಇದ್ದರೆ ಅಪರಾಧ ಸಂಖ್ಯೆಯನ್ನು ಕಚೇರಿಯವರೇ ಹುಡುಕಿಸಬಲ್ಲರು. ಆಗಸ್ಟ್ 31ರೊಳಗೆ ಕೊಟ್ಟರೆ ಆ ವರ್ಷದ ಕಾರ್ಯಕ್ರಮಕ್ಕೆ ಮುನ್ನ ಪರಿಶೀಲಿಸಲು ಅವರಿಗೂ ಸಮಯ ಸಿಗುತ್ತದೆ.

ಇಂತಿ,
ಠಾಣೆಗಳಲ್ಲಿ ದಾಖಲೆ ಬರೆಯುವ ರೈಟರ್ ಕೆಲಸ ಮಾಡಿ ನಿವೃತ್ತರಾದ ಕೆಲವರು
ದಾವಣಗೆರೆ ಮತ್ತು ಚಿತ್ರದುರ್ಗ